ಮೇಲೆ ಒಣಗಿದ್ದು, ಒಳಗೆ ಒದ್ದೆ: ಜಾಹೀರಾತು, ವಾಕ್‌ಸ್ವಾತಂತ್ರ್ಯ ಮತ್ತು ನಮ್ಮ ಹೊಣೆ

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಮಾರುಕಟ್ಟೆಯಲ್ಲಿ ಹೋಗುತ್ತಿದ್ದಾಗ ಒಬ್ಬ ವ್ಯಾಪಾರಿ ಧಾನ್ಯದ ರಾಶಿ ಹಾಕಿಕೊಂಡು ಕುಳಿತಿರುವುದನ್ನು ಕಂಡರು. ರಾಶಿ ನೋಡಲು ಚೆನ್ನಾಗಿತ್ತು. ಅವರು ಅದರೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಾಗಿತು. ಇದೇನೆಂದು ಕೇಳಿದರು. ಮಳೆಗೆ ನೆನೆಯಿತೆಂದು ವ್ಯಾಪಾರಿ ಉತ್ತರಿಸಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನೇ ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ) ಪ್ರಶ್ನಿಸಿದರು. ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು.

ಇಮಾಮ್ ಮುಸ್ಲಿಮ್‌ರ ಸಂಗ್ರಹದಲ್ಲಿರುವ ಈ ಹದೀಸನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಆದರೆ ಅದರಲ್ಲಿರುವ ಒಂದು ಸೂಕ್ಷ್ಮವನ್ನು ಗಮನಿಸಿರಲಿಕ್ಕಿಲ್ಲ. ಆ ವ್ಯಾಪಾರಿ ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿರಲಿಲ್ಲ. ತನ್ನ ಧಾನ್ಯವೆಲ್ಲ ಒಣಗಿದೆಯೆಂದು ಕೂಗಿರಲಿಲ್ಲ, ಆಣೆಯನ್ನೂ ಹಾಕಿರಲಿಲ್ಲ. ಕೇಳಿದಾಗ ನಿಜವನ್ನೇ ಹೇಳಿದ. ಅವನು ಮಾಡಿದ್ದು ಇಷ್ಟೇ: ಒಳ್ಳೆಯದನ್ನು ಮೇಲೆ ಇಟ್ಟ, ಕೆಟ್ಟದ್ದನ್ನು ಒಳಗೆ ಬಿಟ್ಟ. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಒಣ ಮೇಲ್ಪದರವೇ ಅವನ ಜಾಹೀರಾತು. ಪ್ರವಾದಿ(ಸ) ಅಂಗಡಿಯನ್ನು ಮುಚ್ಚಿಸಲಿಲ್ಲ, ಸರಕನ್ನು ಜನರಿಗೆ ತೋರಿಸಬೇಡವೆನ್ನಲಿಲ್ಲ. ಇನ್ನಷ್ಟು ತೋರಿಸು, ದೋಷವನ್ನೂ ತೋರಿಸು ಎಂದರು. ಜಾಹೀರಾತು, ವಾಕ್‌ಸ್ವಾತಂತ್ರ್ಯ ಮತ್ತು ಸಾರ್ವಜನಿಕ ನೈತಿಕತೆಯ ಬಗ್ಗೆ ಮುಸ್ಲಿಂ ಸಮಾಜ ಯೋಚಿಸಬೇಕಾದ ದಾರಿಯನ್ನು ಈ ಒಂದು ಘಟನೆ ತೆರೆದು ತೋರಿಸುತ್ತದೆ.

ಮುಖವಿದ್ದ ಮಾತು, ಮುಖವಿಲ್ಲದ ಮಾತು

ಜಾಹೀರಾತು ಹೊಸದೇನೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನಿದ್ದ. ಸಂತೆಯಲ್ಲಿ ತನ್ನ ಸರಕಿನ ಗುಣವನ್ನು ಕೂಗಿ ಹೇಳುವವನಿದ್ದ. ಹಾವೇರಿ ತಾಲೂಕಿನ ಅಗಡಿಗೆ ಕನ್ನಡ ಪತ್ರಿಕೆಗಳ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ಕಾದಂಬರಿಕಾರ ಗಳಗನಾಥರು 1907ರಲ್ಲಿ ಇಲ್ಲಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಬರೆದವರೂ ಅವರೇ, ಮಾರಿದವರೂ ಅವರೇ. ಪುಸ್ತಕ ಹಿಡಿಸದಿದ್ದರೆ ಓದುಗ ಅವರ ಎದುರಿಗೇ ಹೇಳಬಹುದಿತ್ತು. ಮಾರುವವನಿಗೂ ಕೊಳ್ಳುವವನಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿತ್ತು.

ಇಂದಿನ ಜಾಹೀರಾತಿಗೆ ಆ ಮುಖವಿಲ್ಲ. ಅದು ರಸ್ತೆ ಬದಿಯ ಗೋಡೆಯ ಮೇಲಿದೆ, ಬಸ್ಸಿನ ಹಿಂಭಾಗದಲ್ಲಿದೆ, ಟಿ.ವಿ.ಯಲ್ಲಿದೆ. ಈಗ ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲೂ ಇದೆ. ಅಲ್ಲಿ ಮಾತನಾಡುವ ನಟನಿಗೆ ಆ ವಸ್ತುವಿನ ಗುಣದೋಷ ಗೊತ್ತಿರಬೇಕೆಂದಿಲ್ಲ. ಅವನು ಅದನ್ನು ಬಳಸುತ್ತಾನೆಂಬ ಖಾತ್ರಿಯೂ ಇಲ್ಲ. ಅವನ ಮಾತಿಗೆ ಬೆಲೆ ಕೊಟ್ಟವರು ಯಾರೋ, ಆ ಮಾತನ್ನು ನಂಬಿ ಬೆಲೆ ತೆರುವವರು ಇನ್ಯಾರೋ. ಬಾಡಿಗೆಗೆ ಪಡೆದ ಇಂತಹ ನಾಲಗೆಗೂ ಮಾತಿನ ಸ್ವಾತಂತ್ರ್ಯದ ಸಂಪೂರ್ಣ ರಕ್ಷಣೆ ಸಿಗಬೇಕೇ?

ನ್ಯಾಯಾಲಯದ ಮುಂದೆ ಬಂದ ಪ್ರಶ್ನೆ

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದೆ ಒಯ್ದದ್ದು ಮುಸ್ಲಿಮರು ಕಟ್ಟಿದ ಒಂದು ಹೆಸರಾಂತ ಸಂಸ್ಥೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. 1906ರಲ್ಲಿ ದೆಹಲಿಯಲ್ಲಿ ಹಕೀಮ್ ಅಬ್ದುಲ್ ಮಜೀದ್‌ರು ಸ್ಥಾಪಿಸಿದ ಹಮ್‌ದರ್ದ್ ದವಾಖಾನ ಮುಂದೆ ವಕ್ಫ್ ಆಯಿತು. ಯೂನಾನಿ ವೈದ್ಯಕ್ಕೆ ಅದು ಸಲ್ಲಿಸಿದ ಸೇವೆ ದೊಡ್ಡದು. 1954ರಲ್ಲಿ ಕೇಂದ್ರ ಸರಕಾರವು ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ನಿಷೇಧಿಸುವ ಕಾಯ್ದೆಯನ್ನು ತಂದಿತು. ಇದು ಸಂವಿಧಾನದ 19ನೇ ವಿಧಿ ಕೊಟ್ಟ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹಮ್‌ದರ್ದ್ ವಾದಿಸಿತು.

1959ರ ಡಿಸೆಂಬರಿನಲ್ಲಿ ತೀರ್ಪು ಬಂತು. ಜಾಹೀರಾತು ಮಾತಿನ ಒಂದು ರೂಪವೇ ಹೌದು. ಆದರೆ ವಿಚಾರಗಳ ಪ್ರಸಾರಕ್ಕಲ್ಲದೆ ಕೇವಲ ವ್ಯಾಪಾರಕ್ಕಾಗಿ ಮಾಡುವ ಜಾಹೀರಾತಿಗೆ ವಾಕ್‌ಸ್ವಾತಂತ್ರ್ಯದ ರಕ್ಷಣೆ ಸಲ್ಲದು ಎಂದು ನ್ಯಾಯಾಲಯ ಹೇಳಿತು. ಅದೇ ತೀರ್ಪು ಸರಕಾರಕ್ಕೂ ಒಂದು ಪಾಠ ಹೇಳಿತು. ಕಾಯ್ದೆಯ ಪಟ್ಟಿಗೆ ಮನಬಂದಂತೆ ರೋಗಗಳನ್ನು ಸೇರಿಸುವ ಅಧಿಕಾರವನ್ನೂ ವಸ್ತುಗಳನ್ನು ಮಿತಿಯಿಲ್ಲದೆ ಜಪ್ತಿ ಮಾಡುವ ಅಧಿಕಾರವನ್ನೂ ಅದು ರದ್ದುಗೊಳಿಸಿತು. ಸುಳ್ಳು ಹೇಳುವ ಹಕ್ಕು ವ್ಯಾಪಾರಿಗಿಲ್ಲ, ಅಂಕೆಯಿಲ್ಲದ ಅಧಿಕಾರ ಆಳುವವರಿಗೂ ಇಲ್ಲ.

1995ರಲ್ಲಿ ಟಾಟಾ ಪ್ರೆಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ವ್ಯಾಪಾರದ ಮಾತು ಕೂಡ ವಾಕ್‌ಸ್ವಾತಂತ್ರ್ಯದ ಭಾಗವೇ, ಏಕೆಂದರೆ ಅದರಿಂದ ಜನರಿಗೆ ಮಾಹಿತಿ ಸಿಗುತ್ತದೆ ಎಂದಿತು. ಆದರೆ ಮೋಸದ, ದಾರಿ ತಪ್ಪಿಸುವ ಜಾಹೀರಾತನ್ನು ಸರಕಾರ ತಡೆಯಬಹುದೆಂಬುದನ್ನೂ ಸ್ಪಷ್ಟಪಡಿಸಿತು. ಮೊದಲ ತೀರ್ಪು ಹೇಳುವವನ ಉದ್ದೇಶವನ್ನು ನೋಡಿತು. ಎರಡನೆಯದು ಕೇಳುವವನ ಹಕ್ಕನ್ನೂ ನೋಡಿತು. ಧಾನ್ಯದ ರಾಶಿಯ ಹದೀಸಿನಲ್ಲಿ ಈ ಎರಡೂ ಇವೆ. ಕೊಳ್ಳುವವನಿಗೆ ತಿಳಿಯುವ ಹಕ್ಕಿದೆ. ಆದ್ದರಿಂದಲೇ ಮಾರುವವನಿಗೆ ತೋರಿಸುವ ಸ್ವಾತಂತ್ರ್ಯವೂ ಇದೆ, ತೋರಿಸಬೇಕಾದ ಹೊಣೆಯೂ ಇದೆ.

1954ರ ಆ ಕಾಯ್ದೆ ಇಂದಿಗೂ ಜೀವಂತವಾಗಿದೆ. 2024ರಲ್ಲಿ ಪತಂಜಲಿ ಸಂಸ್ಥೆಯು ತನ್ನ ಔಷಧಿಗಳ ಜಾಹೀರಾತಿಗಾಗಿ ಸುಪ್ರೀಂ ಕೋರ್ಟಿನ ಮುಂದೆ ನಿಂತು, ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಬೇಕಾಯಿತು. ಆ ಸುದ್ದಿ ಓದಿ ನಮ್ಮಲ್ಲಿ ಕೆಲವರು ಸಂತೋಷಪಟ್ಟಿರಬಹುದು. ಆದರೆ ಅದೇ ಕಾಯ್ದೆ ತಾಯಿತ, ಮಂತ್ರ, ಕವಚಗಳಿಂದ ರೋಗ ಗುಣಪಡಿಸುತ್ತೇವೆಂಬ ಜಾಹೀರಾತನ್ನೂ ನಿಷೇಧಿಸಿದೆ. ಬಸ್ ನಿಲ್ದಾಣದ ಕಂಬಗಳಲ್ಲಿ, ಬಸ್ಸಿನ ಕಿಟಕಿಗಳ ಬಳಿ ಅಂಟಿಸಿರುವ ಬಾಬಾಗಳ ಚೀಟಿಗಳನ್ನು ನೋಡಿರಿ. ಸಂತಾನ, ವಶೀಕರಣ, ಗುಪ್ತರೋಗ, ಎಲ್ಲಕ್ಕೂ ಅಲ್ಲಿ ಕೆಲವೇ ಗಂಟೆಗಳಲ್ಲಿ ಪರಿಹಾರವಿದೆ. ಅವುಗಳಲ್ಲಿ ಎಷ್ಟು ಚೀಟಿಗಳ ಮೇಲೆ ಮುಸ್ಲಿಂ ಹೆಸರುಗಳಿವೆ! ಮಕ್ಕಳಿಲ್ಲದ ಒಬ್ಬ ತಾಯಿಯ ಕಣ್ಣೀರನ್ನು ಬಂಡವಾಳ ಮಾಡಿಕೊಳ್ಳುವ ಆ ಚೀಟಿಗಿಂತ ದೊಡ್ಡ ಅಶ್ಲೀಲತೆ ಯಾವುದಿದೆ?

ಯಾವ ಮಾತಿಗೆ ಯಾವ ಬೆಲೆ

ಇಸ್ಲಾಮ್ ಮಾತನ್ನು ಹಕ್ಕಿಗಿಂತ ಮೊದಲು ಒಂದು ಅಮಾನತ್ತಾಗಿ ಕಾಣುತ್ತದೆ. ಮನುಷ್ಯ ಆಡುವ ಪ್ರತಿಯೊಂದು ಮಾತನ್ನೂ ದಾಖಲಿಸುವ ಕಾವಲುಗಾರ ಇದ್ದಾನೆಂದು ಪವಿತ್ರ ಕುರ್‌ಆನಿನ ಸೂರಃ ಕಾಫ್ ನೆನಪಿಸುತ್ತದೆ. ಹಾಗೆಂದು ಬಾಯಿ ಮುಚ್ಚಿಕೊಂಡಿರುವುದೇ ಧರ್ಮವೆಂದು ಅರ್ಥವಲ್ಲ. ಅನ್ಯಾಯಗಾರ ಅರಸನ ಮುಂದೆ ಸತ್ಯವನ್ನು ನುಡಿಯುವುದು ಶ್ರೇಷ್ಠ ಜಿಹಾದ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅಂತಹ ಮಾತಿಗೆ ಇಸ್ಲಾಮ್ ಕೊಟ್ಟ ಸ್ಥಾನಕ್ಕಿಂತ ಎತ್ತರದ ಸ್ಥಾನವನ್ನು ಯಾವ ಸಂವಿಧಾನ ಕೊಡಬಲ್ಲದು?

ಈ ಎರಡು ಮಾತುಗಳನ್ನು ಹೋಲಿಸಿ ನೋಡಿರಿ. ಅರಸನ ಮುಂದೆ ಸತ್ಯ ಹೇಳುವವನು ತನ್ನದನ್ನು ಕಳೆದುಕೊಳ್ಳಲು ಸಿದ್ಧನಾಗಿ ಮಾತನಾಡುತ್ತಾನೆ. ಅವನ ಮಾತಿನ ಲಾಭ ಇತರರಿಗೆ, ನಷ್ಟ ಅವನಿಗೆ. ಜಾಹೀರಾತಿನವನು ಗಳಿಸಲು ಮಾತನಾಡುತ್ತಾನೆ. ಅದು ಸುಳ್ಳಾದರೆ ಲಾಭ ಅವನಿಗೆ, ನಷ್ಟ ಕೇಳಿದವನಿಗೆ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಸರಕಾರದ ತಪ್ಪನ್ನು ಎತ್ತಿ ಹೇಳುವ ಪತ್ರಕರ್ತನ ಬಾಯಿಗೆ ಬೀಗ ಹಾಕಿ, ಗಲ್ಲಿಗಲ್ಲಿಯಲ್ಲಿ ವಿಷ ಮಾರುವವನ ಮಾತಿಗೆ ಸ್ವಾತಂತ್ರ್ಯ ಕೊಡುವ ಸಮಾಜ ತಕ್ಕಡಿಯನ್ನು ತಲೆಕೆಳಗಾಗಿ ಹಿಡಿದಿದೆ. ಲಾಭಕ್ಕಾಗಿ ಆಡುವ ಮಾತೆಲ್ಲ ಪಾಪವೆಂದು ಇದರರ್ಥವಲ್ಲ. ವ್ಯಾಪಾರ ಧರ್ಮಸಮ್ಮತ, ಸರಕನ್ನು ಪರಿಚಯಿಸುವುದೂ ಧರ್ಮಸಮ್ಮತ. ಆದರೆ ಲಾಭಕ್ಕಾಗಿ ಮಾತನಾಡುವವನಿಂದ ನಾವು ಹೆಚ್ಚಿನ ಸತ್ಯವನ್ನು ಕೇಳಬಹುದು.

ಏಲಕ್ಕಿಯ ಹೆಸರಿನಲ್ಲಿ

ಹಾವೇರಿಗೆ ಏಲಕ್ಕಿ ಕಂಪಿನ ನಗರವೆಂಬ ಹೆಸರಿದೆ. ಮಲೆನಾಡಿನ ಏಲಕ್ಕಿ ಒಂದು ಕಾಲದಲ್ಲಿ ಇಲ್ಲಿಗೆ ಬಂದು ವ್ಯಾಪಾರವಾಗುತ್ತಿತ್ತು. ಇಲ್ಲಿನ ಏಲಕ್ಕಿ ಹಾರ ನಾಡಿನ ದೊಡ್ಡ ದೊಡ್ಡ ವೇದಿಕೆಗಳನ್ನು ಏರಿದೆ. ಆ ಹಾರವನ್ನು ತಲೆಮಾರುಗಳಿಂದ ಪೋಣಿಸುತ್ತಾ ಬಂದವರು ಹಾವೇರಿಯ ಮುಸ್ಲಿಂ ಕುಶಲಕರ್ಮಿಗಳು. ಸತ್ಕಾರಕ್ಕೂ ಸೌಹಾರ್ದಕ್ಕೂ ಗುರುತಾದ ವಸ್ತು ಅದು.

ಅದೇ ಏಲಕ್ಕಿಯ ಹೆಸರನ್ನು ಇಂದು ಟಿ.ವಿ.ಯಲ್ಲಿ ಯಾರು ಹೇಳುತ್ತಿದ್ದಾರೆ? ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿತು. ಗುಟ್ಕಾವನ್ನು ಕರ್ನಾಟಕ ಸರಕಾರ 2013ರ ಮೇ ತಿಂಗಳಲ್ಲಿ ನಿಷೇಧಿಸಿತು. ಆಗ ಕಂಪೆನಿಗಳು ಒಂದು ಉಪಾಯ ಹೂಡಿದವು. ತಂಬಾಕನ್ನೂ ಮಸಾಲೆಯನ್ನೂ ಬೇರೆ ಬೇರೆ ಚೀಟಿಗಳಲ್ಲಿ ಮಾರತೊಡಗಿದವು. ಕೊಂಡವನು ಎರಡನ್ನೂ ಬೆರೆಸಿಕೊಂಡರಾಯಿತು. ಜಾಹೀರಾತಿಗೆ ಮಾತ್ರ ಅದೇ ಹೆಸರಿನ ಇಲಾಯಚಿ ಮುಂದೆ ಬಂತು. ಪರದೆಯ ಮೇಲೆ ತೋರಿಸುವುದು ಏಲಕ್ಕಿ, ನೋಡುವವನ ಮನಸ್ಸಿಗೆ ಬರುವುದು ಅದೇ ಹೆಸರಿನ ಇನ್ನೊಂದು ವಸ್ತು. ವಿಮಲ್ ಇಲಾಯಚಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟ ಅಕ್ಷಯ್ ಕುಮಾರ್ 2022ರ ಏಪ್ರಿಲ್‌ನಲ್ಲಿ ಅಭಿಮಾನಿಗಳ ಕ್ಷಮೆ ಕೇಳಿ ಅದರಿಂದ ಹಿಂದೆ ಸರಿದರು. ಅದೇ ಜಾಹೀರಾತಿನಲ್ಲಿ ಶಾರೂಖ್ ಖಾನ್‌ರೂ ಇದ್ದರು. ಹೆಸರು ಯಾವ ಸಮುದಾಯದ್ದಾದರೇನು, ಮಾತು ಬಾಡಿಗೆಯದ್ದೇ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ ಮರೆಯ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿಗಳನ್ನು ಹೊರಡಿಸಿತು.

ಇದು ಧಾನ್ಯದ ರಾಶಿಯ ಕಥೆಯೇ ಅಲ್ಲವೇ? ಮೇಲೆ ಏಲಕ್ಕಿ, ಒಳಗೆ ತಂಬಾಕು. ಈಗ ನಮ್ಮ ಮೊಹಲ್ಲಾಗಳಿಗೆ ಬರೋಣ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಪಾನ್ ಅಂಗಡಿ, ಚಹಾದಂಗಡಿ, ಸಣ್ಣ ಕಿರಾಣಿ ಅಂಗಡಿ ನಡೆಸುವ ಮುಸ್ಲಿಮರು ಕಡಿಮೆಯಿಲ್ಲ. ಕಂಪೆನಿಯವರು ಉಚಿತವಾಗಿ ಬಣ್ಣದ ಬೋರ್ಡು ಹಾಕಿಕೊಡುತ್ತಾರೆ. ಬೋರ್ಡಿನ ಒಂದು ಮೂಲೆಯಲ್ಲಿ ಅಂಗಡಿಯ ಹೆಸರು, ಉಳಿದೆಲ್ಲ ಕಡೆ ಮಸಾಲೆಯ ಹೆಸರು. ಮಾಲೆ ಮಾಲೆಯಾಗಿ ಚೀಟಿಗಳು ಬಾಗಿಲಲ್ಲಿ ತೂಗುತ್ತವೆ. ಮದರಸಾದಿಂದ ಮರಳುವ ಮಗು ಅದೇ ಬಾಗಿಲಲ್ಲಿ ಚಾಕಲೇಟು ಕೊಳ್ಳುತ್ತದೆ. ಅಂಗಡಿಯವನು ತಂಬಾಕು ತಿನ್ನದಿರಬಹುದು, ಐದು ಹೊತ್ತಿನ ನಮಾಝಿನವನೂ ಆಗಿರಬಹುದು. ಆದರೆ ಅವನ ಬಾಗಿಲು ಹಗಲಿಡೀ ಏನನ್ನು ಸಾರುತ್ತಿದೆ? ಬಡತನದ ಅಂಗಡಿಗೆ ಆ ಬೋರ್ಡಿನ ಆಸರೆ ಬೇಕೆನ್ನುವವರ ಕಷ್ಟ ನಿಜವಾದುದು, ಅದನ್ನು ಹಗುರವಾಗಿ ಕಾಣಬಾರದು. ಮಸ್ಜಿದಿನ ಜಮಾಅತ್ತು ಸೇರಿ ಅಂತಹ ನಾಲ್ಕು ಅಂಗಡಿಗಳಿಗೆ ಬೇರೆ ಬೋರ್ಡು ಬರೆಸಿಕೊಡುವುದು ಒಂದು ಸಭೆಯ ಖರ್ಚಿಗಿಂತ ಹೆಚ್ಚಾಗದು.

ಲಜ್ಜೆಯನ್ನು ಬಟ್ಟೆಯಿಂದ ಮಾತ್ರ ಅಳೆಯುವುದೇ?

ಸಾರ್ವಜನಿಕ ನೈತಿಕತೆ ಎಂದೊಡನೆ ನಮ್ಮ ಕಣ್ಣು ಮೊದಲು ಹೋಗುವುದು ಸ್ತ್ರೀಯರ ಚಿತ್ರಗಳ ಕಡೆಗೆ. ಅದು ಸಹಜ. ಸೋಪಿಗೂ ಟೈರಿಗೂ ಸ್ತ್ರೀಯ ಶರೀರವನ್ನೇ ತೋರಿಸುವ ಕೀಳು ಅಭ್ಯಾಸವನ್ನು ಸಭ್ಯರೆಲ್ಲರೂ ವಿರೋಧಿಸಿದ್ದಾರೆ. ಜಾಹೀರಾತುಗಳಲ್ಲಿ ಸ್ತ್ರೀಯರನ್ನು ಅಸಭ್ಯವಾಗಿ ಚಿತ್ರಿಸುವುದನ್ನು 1986ರ ಕಾಯ್ದೆ ನಿಷೇಧಿಸಿದೆ. ಸಭ್ಯತೆ ಮತ್ತು ನೈತಿಕತೆಗಾಗಿ ಮಾತಿಗೆ ಸಮಂಜಸವಾದ ಮಿತಿ ಹಾಕಬಹುದೆಂದು ಸಂವಿಧಾನವೂ ಒಪ್ಪುತ್ತದೆ.

1996ರ ನವೆಂಬರ್ 23ರಂದು ಬೆಂಗಳೂರಿನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆ ಹಿರಿಯ ಓದುಗರಿಗೆ ನೆನಪಿರಬಹುದು. ರೈತರು, ಸ್ತ್ರೀಪರ ಸಂಘಟನೆಗಳು, ಪರಸ್ಪರ ಒಪ್ಪದ ಪಕ್ಷಗಳವರು ಒಂದೇ ಸಮಯದಲ್ಲಿ ಅದನ್ನು ವಿರೋಧಿಸಿದ್ದರು. ಸಂಘಟಕರು ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಿ ಉಳಿದದ್ದನ್ನು ಇಲ್ಲಿ ನಡೆಸಿದರು. ಅಲ್ಲಿ ಚಿತ್ರಿಸಿದ್ದು ಟಿ.ವಿ.ಯ ಮೂಲಕ ಎಲ್ಲೆಡೆಯೂ ತಲುಪುವುದಾದರೆ ಸ್ಥಳ ಬದಲಿಸಿ ಸಿಕ್ಕಿದ್ದೇನು? ಅತ್ತ ಮಧುರೆಯಲ್ಲಿ ಒಬ್ಬ ಯುವಕ ಪ್ರತಿಭಟನೆಯಾಗಿ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಕೆಡುಕನ್ನು ವಿರೋಧಿಸಲು ಅಲ್ಲಾಹನು ಕೊಟ್ಟ ಜೀವವನ್ನೇ ಸುಡುವುದು ಇನ್ನೊಂದು ಕೆಡುಕು.

ಆದರೆ ಸೂರಃ ಅನ್ನೂರ್ ಈ ವಿಷಯದಲ್ಲಿ ಹಿಡಿದಿರುವ ಕ್ರಮವನ್ನು ಗಮನಿಸಬೇಕು. ದೃಷ್ಟಿಯನ್ನು ತಗ್ಗಿಸಬೇಕೆಂಬ ಆಜ್ಞೆ ಅಲ್ಲಿ ಮೊದಲು ಬಂದಿರುವುದು ಪುರುಷರಿಗೆ, ಆ ಬಳಿಕ ಸ್ತ್ರೀಯರಿಗೆ. ಭಿತ್ತಿಚಿತ್ರದ ಹೆಣ್ಣನ್ನು ದೂರುವ ನಾವು ಅದನ್ನು ಬರೆಸಿದ ಗಂಡಸನ್ನು, ನಿಂತು ನೋಡುವ ಗಂಡಸನ್ನು ಮರೆಯುತ್ತೇವೆ.

ಇನ್ನೊಂದು ಮಾತು. ಒಂದು ಜಾಹೀರಾತಿನಲ್ಲಿ ಎಲ್ಲರೂ ಮೈತುಂಬ ಬಟ್ಟೆ ಧರಿಸಿದ್ದರೂ ಅದು ನಿರ್ಲಜ್ಜವಾಗಿರಬಹುದು. ಮುಖವನ್ನು ಬೆಳ್ಳಗೆ ಮಾಡುವ ಕ್ರೀಮುಗಳ ಜಾಹೀರಾತನ್ನು ನೆನಪಿಸಿಕೊಳ್ಳಿರಿ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ದಶಕಗಳ ಕಾಲ ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದೇನು? ಕಪ್ಪು ಬಣ್ಣದವಳಿಗೆ ವರ ಸಿಗುವುದಿಲ್ಲ, ಕೆಲಸ ಸಿಗುವುದಿಲ್ಲ. ಬೆಳ್ಳಗಾದರೆ ಎರಡೂ ಸಿಗುತ್ತವೆ ಎಂದು. 2020ರಲ್ಲಿ ಕಂಪೆನಿ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆಯಿತು. ಆದರೆ ಆ ಪದ ನಮ್ಮ ಮನೆಗಳಿಂದ ಹೋಯಿತೇ? ಹೆಣ್ಣು ನೋಡಲು ಹೋದವರು ಮರಳಿ ಬಂದು ಮೊದಲು ಆಡುವ ಮಾತು ಯಾವುದು? ಹುಡುಗಿಗೆ ದೀನ್ ಇದೆ, ಓದಿದ್ದಾಳೆ, ಮನೆತನ ಒಳ್ಳೆಯದು, ಆದರೆ ಬಣ್ಣ ಸ್ವಲ್ಪ ಕಡಿಮೆ ಎನ್ನುತ್ತಾರಲ್ಲವೇ? ಹ. ಬಿಲಾಲ್(ರ)ರ ಅದಾನ್‌ನ ನೆನಪಿನಲ್ಲಿ ಕಣ್ಣೀರು ತುಂಬುವ ಜನರ ಮನೆಯಲ್ಲೇ ಈ ಮಾತು ನಡೆಯುತ್ತದೆ. ಅಲ್ಲಾಹನ ಸೃಷ್ಟಿಯಲ್ಲಿ ಕೊರತೆ ಹುಡುಕಿ ಒಬ್ಬ ಮಗಳ ಮನಸ್ಸನ್ನು ಕುಗ್ಗಿಸುವ ಆ ಜಾಹೀರಾತಿನ ಮುಂದೆ ಇಡೀ ಕುಟುಂಬ ಒಟ್ಟಿಗೆ ಕುಳಿತಿತ್ತು. ಅದನ್ನು ಅಶ್ಲೀಲವೆಂದು ಯಾರೂ ಕರೆಯಲಿಲ್ಲ.

ಕೋಪದ ದೊಣ್ಣೆ ಯಾರ ಕೈಯಲ್ಲಿ?

ಹಾಗಾದರೆ ತಡೆಯುವವರು ಯಾರು, ಯಾವ ಅಳತೆಯಿಂದ? ಇಲ್ಲಿ ನಾವು ಬಹಳ ಎಚ್ಚರವಾಗಿರಬೇಕು. ನಮಗೆ ನೋವಾಯಿತು, ಆದ್ದರಿಂದ ಇದನ್ನು ತೆಗೆಯಿರಿ ಎಂಬ ಅಳತೆ ನಮಗೆ ಅನುಕೂಲವಾದಂತೆ ಕಾಣಬಹುದು. ಆದರೆ ಇತ್ತೀಚಿನ ವರ್ಷಗಳಲ್ಲಿ ಅದೇ ಅಳತೆಯಿಂದ ಏನಾಯಿತೆಂದು ನೋಡಿರಿ. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ಆಭರಣದ ಒಂದು ಜಾಹೀರಾತು ಬಂತು. ಮುಸ್ಲಿಂ ಅತ್ತೆಯೊಬ್ಬಳು ಹಿಂದೂ ಸೊಸೆಗಾಗಿ ಸೀಮಂತ ನಡೆಸುವ ದೃಶ್ಯ ಅದರಲ್ಲಿತ್ತು. ಅಂತಹ ಮದುವೆಯ ಬಗ್ಗೆ ಶರೀಅತ್ತಿನ ವಿಧಿ ಬೇರೆ ವಿಷಯ. ಆ ಜಾಹೀರಾತಿನಲ್ಲಿ ಸುಳ್ಳೂ ಇರಲಿಲ್ಲ, ಅಸಭ್ಯತೆಯೂ ಇರಲಿಲ್ಲ. ಆದರೂ ಕೆಲವರ ಕೋಪಕ್ಕೆ ಹೆದರಿ ಕಂಪೆನಿ ಅದನ್ನು ಹಿಂತೆಗೆದುಕೊಂಡಿತು. 2021ರಲ್ಲಿ ಫ್ಯಾಬ್‌ಇಂಡಿಯಾ ತನ್ನ ಬಟ್ಟೆಗಳ ಸಂಗ್ರಹಕ್ಕೆ 'ಜಶ್ನ್-ಎ-ರಿವಾಝ್' ಎಂದು ಹೆಸರಿಟ್ಟಾಗ ಅದು ದೀಪಾವಳಿಗೆ ಅವಮಾನವೆಂದು ಕೆಲವರು ಕೆರಳಿದರು. ಆ ಜಾಹೀರಾತೂ ಹೋಯಿತು. ಎರಡು ಉರ್ದು ಪದಗಳೇ ಅಲ್ಲಿ ಅಪರಾಧವಾದವು. 2022ರ ಯುಗಾದಿಯ ವೇಳೆಗೆ ಕರ್ನಾಟಕದಲ್ಲೇ ಹಲಾಲ್ ಮಾಂಸವನ್ನು ಕೊಳ್ಳಬೇಡಿರೆಂಬ ಅಭಿಯಾನ ನಡೆಯಿತು. ಅಂಗಡಿಗಳ ಮೇಲಿನ ಹಲಾಲ್ ಎಂಬ ಬರಹವೇ ಕೆಲವರ ಕಣ್ಣಿಗೆ ಮುಳ್ಳಾಯಿತು.

ಕೋಪದ ದೊಣ್ಣೆಗೆ ನ್ಯಾಯ ಗೊತ್ತಿಲ್ಲ. ಹಿಡಿದವನ ಕೈ ಮಾತ್ರ ಗೊತ್ತು. ಇಂದು ನಾವು ಎತ್ತಿ ಕೊಟ್ಟ ದೊಣ್ಣೆ ನಾಳೆ ನಮ್ಮ ಬೆನ್ನಿಗೇ ಬೀಳಬಹುದು. ಆದ್ದರಿಂದ ನಮ್ಮ ಅಳತೆ ಎಲ್ಲರಿಗೂ ಒಂದೇ ಆಗಿರಬೇಕು. ಅದನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಈ ಜಾಹೀರಾತು ಸತ್ಯವೇ? ಇದನ್ನು ನಂಬಿದವನ ದೇಹಕ್ಕೆ, ಸಂಪತ್ತಿಗೆ, ವಿಶ್ವಾಸಕ್ಕೆ ಇದರಿಂದ ಹಾನಿಯಿದೆಯೇ? ಇದು ಯಾರದಾದರೂ ಮಾನವನ್ನು ಮಾರಾಟಕ್ಕಿಡುತ್ತದೆಯೇ? ಈ ಮೂರಕ್ಕೂ ಸಾಕ್ಷಿ ಕೊಡಬಹುದು, ವಾದಿಸಬಹುದು, ನ್ಯಾಯಾಧೀಶನ ಮುಂದೆ ಇಡಬಹುದು. ಕೇವಲ ಕೋಪವನ್ನು ಹಾಗೆ ಇಡಲಾಗದು.

ಇಸ್ಲಾಮೀ ಚರಿತ್ರೆಯಲ್ಲಿ ಮಾರುಕಟ್ಟೆಯನ್ನು ನೋಡಿಕೊಳ್ಳಲು ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ತೂಕ, ಅಳತೆ, ಕಲಬೆರಕೆಗಳನ್ನು ಪರೀಕ್ಷಿಸುವುದು ಅವನ ಕೆಲಸ. 1058ರಲ್ಲಿ ನಿಧನರಾದ ಇಮಾಮ್ ಮಾವರ್ದಿ ಈ ಹುದ್ದೆಯ ನಿಯಮಗಳನ್ನು ವಿವರಿಸುತ್ತಾ, ಬಹಿರಂಗವಾಗಿ ಕಾಣುವ ಕೆಡುಕು ಮಾತ್ರ ಅವನ ವ್ಯಾಪ್ತಿಗೆ ಬರುತ್ತದೆ, ಅಡಗಿರುವುದನ್ನು ಗೂಢಚರ್ಯೆಯಿಂದ ಹುಡುಕುವಂತಿಲ್ಲ ಎಂದಿದ್ದಾರೆ. ಖಲೀಫ ಉಮರ್(ರ) ಒಮ್ಮೆ ಒಬ್ಬನ ಮನೆಯ ಗೋಡೆ ಹತ್ತಿ ಒಳಗಿನ ಪಾಪವನ್ನು ಹಿಡಿದ ಘಟನೆಯನ್ನು ಇಮಾಮ್ ಗಝ್ಝಾಲಿ ನಿರೂಪಿಸುತ್ತಾರೆ. ನಾನು ಒಂದು ಆಜ್ಞೆಯನ್ನು ಮುರಿದೆ, ತಾವು ಮೂರನ್ನು ಮುರಿದಿರಿ ಎಂದು ಆತ ವಾದಿಸಿದ: ಗೂಢಚರ್ಯೆ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಸಲಾಮ್ ಹೇಳಲಿಲ್ಲ. ಖಲೀಫರು ಆ ವಾದವನ್ನು ಒಪ್ಪಿ ಅವನನ್ನು ಬಿಟ್ಟರು. ಸಾರ್ವಜನಿಕ ನೈತಿಕತೆಯ ಹೆಸರಿನಲ್ಲಿ ಇನ್ನೊಬ್ಬರ ಮನೆಯೊಳಗೆ ಇಣುಕುವವರಿಗೆ, ಪಾರ್ಕಿನಲ್ಲಿ ಹುಡುಗ ಹುಡುಗಿಯರನ್ನು ತಡೆದು ಹೆಸರು ಕೇಳುವವರಿಗೆ ಇಲ್ಲಿ ಪಾಠವಿದೆ. ಅವರು ಯಾವ ಧರ್ಮದವರಾದರೂ ಸರಿ.

ಕೆಡುಕನ್ನು ಕೈಯಿಂದ, ಅದಾಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಹೃದಯದಿಂದ ವಿರೋಧಿಸಬೇಕೆಂಬ ಹದೀಸ್ ಪ್ರಸಿದ್ಧವಾಗಿದೆ. ಕೈಯ ಕೆಲಸ ಅಧಿಕಾರವುಳ್ಳವರದ್ದೆಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ಈ ದೇಶದಲ್ಲಿ ನಮ್ಮ ಪಾಲಿಗೆ ಇರುವುದು ನಾಲಗೆ ಮತ್ತು ಲೇಖನಿ, ಅವು ಸಣ್ಣ ಸಾಧನಗಳಲ್ಲ. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡಗಳ ಮಂಡಳಿಗೆ ಯಾವ ನಾಗರಿಕನೂ ದೂರು ಬರೆಯಬಹುದು. ಜಿಲ್ಲಾ ಗ್ರಾಹಕ ಆಯೋಗವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ನಮ್ಮ ಯುವಕರು ಒಂದು ಮೆರವಣಿಗೆಗೆ ವ್ಯಯಿಸುವ ಶಕ್ತಿಯಲ್ಲಿ ಇಂತಹ ಹತ್ತು ದೂರುಗಳನ್ನು ಸರಿಯಾಗಿ ಬರೆಯಬಲ್ಲರು.

ನಮ್ಮ ಬೋರ್ಡಿನ ಕೆಳಗೆ

ಇಷ್ಟೆಲ್ಲ ಹೇಳಿದ ಬಳಿಕ ಉಳಿಯುವುದು ನಮ್ಮದೇ ಬೋರ್ಡು. 'ಹಲಾಲ್' ಎಂದು ಬರೆದು ತೂಗಿಸಿದ ಹಲಗೆ ಒಂದು ಜಾಹೀರಾತು. 'ಮಕ್ಕಾ', 'ಮದೀನಾ', 'ಬಿಸ್ಮಿಲ್ಲಾಹ್' ಎಂದು ಅಂಗಡಿಗೆ ಇಟ್ಟ ಹೆಸರೂ ಜಾಹೀರಾತೇ. ಅದನ್ನು ಬರೆಯುವ ಹಕ್ಕಿಗಾಗಿ ನಾವು ವಾದಿಸುತ್ತೇವೆ, ವಾದಿಸಬೇಕು. ಆದರೆ ಆ ಹೆಸರನ್ನು ಬರೆದವನು ತನ್ನ ದೀನನ್ನೇ ಸಾಕ್ಷಿ ಕಟ್ಟೆಗೆ ಕರೆದಿದ್ದಾನೆ. ಪ್ರಾಣಿಯ ಕೊರಳಿನ ಮಟ್ಟಿಗೆ ಹಲಾಲ್ ಆಗಿದ್ದು, ತಕ್ಕಡಿಯಲ್ಲಿ, ಹಳಸಿದ ಮಾಂಸದಲ್ಲಿ, ಕೆಲಸದ ಹುಡುಗನ ಕೂಲಿಯಲ್ಲಿ ಹರಾಮ್ ಆಗಿದ್ದರೆ ಆ ಹಲಗೆ ಹೇಳುವುದು ಸತ್ಯವೇ? ಅಳತೆಯಲ್ಲಿ ವಂಚಿಸುವವರ ವಿನಾಶವನ್ನು ಸಾರಲು ಪವಿತ್ರ ಕುರ್‌ಆನಿನಲ್ಲಿ ಒಂದು ಸೂರಃವೇ ಇದೆ, ಅದರ ಹೆಸರೇ ಅಲ್ ಮುತಫ್ಫಿಫೀನ್.

ಬ್ಯಾಡಗಿಯ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿರಿ. ಅದರ ಕೆಂಪು ಬಣ್ಣಕ್ಕೆ, ಕಡಿಮೆ ಖಾರಕ್ಕೆ ಲೋಕವೇ ಮಾರುಹೋಗಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಆ ಹೆಸರು ಇಲ್ಲಿನ ರೈತರು ತಲೆಮಾರುಗಳಿಂದ ಗಳಿಸಿದ ಸತ್ಯ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್ ಎಂಬ ಹಾನಿಕರ ಬಣ್ಣ ಯುರೋಪಿನಲ್ಲಿ ಪತ್ತೆಯಾದಾಗ ಇಡೀ ದೇಶದ ಮೆಣಸಿನ ವ್ಯಾಪಾರದ ಮೇಲೆ ಸಂಶಯ ಬಿತ್ತು. ಬೆರೆಸಿದವರು ಕೆಲವರು, ಹೆಸರು ಕೆಟ್ಟದ್ದು ಎಲ್ಲರದು. ಬೇರೆ ಊರಿನ ಕಾಯಿಗೆ ಬ್ಯಾಡಗಿ ಎಂದು ಚೀಟಿ ಅಂಟಿಸುವವನು, ಚೀಲದ ಬಾಯಿಗೆ ಒಳ್ಳೆಯ ಕಾಯಿ ತುಂಬುವವನು, ತೂಕಕ್ಕಾಗಿ ನೀರು ಚಿಮುಕಿಸುವವನು ಸಾವಿರದ ನಾನೂರು ವರ್ಷಗಳ ಹಿಂದಿನ ಆ ರಾಶಿಯ ಹಿಂದೆಯೇ ಕುಳಿತಿದ್ದಾನೆ.

ವ್ಯಾಪಾರಿಯೊಬ್ಬ ಇಲ್ಲಿ ಪ್ರಾಮಾಣಿಕವಾಗಿ ಕೇಳಬಹುದು: 'ದೋಷವನ್ನು ಹೇಳಿ ಮಾರಿದರೆ ನನ್ನದು ಯಾರು ಕೊಳ್ಳುತ್ತಾರೆ? ಪಕ್ಕದವನು ಹೇಳುವುದಿಲ್ಲ. ನನ್ನ ಮಕ್ಕಳು ಉಪವಾಸ ಬೀಳಬೇಕೇ?' ಇದು ನೆವವಲ್ಲ, ನಿಜವಾದ ಸಂಕಟ. ಸತ್ಯಕ್ಕೆ ಬೆಲೆ ತೆರಬೇಕಾಗುವುದೇ ಇಲ್ಲವೆಂದು ಅವನಿಗೆ ಹೇಳಿದರೆ ಅದೂ ಒಂದು ಸುಳ್ಳು ಜಾಹೀರ���ತೇ ಆದೀತು. ಇಮಾಮ್ ಗಝ್ಝಾಲಿ ಈ ಕಷ್ಟವನ್ನು ಬಲ್ಲವರಾಗಿದ್ದರು. ಅವರು ಕೊಟ್ಟ ಉಪಾಯ ಸರಳವಾಗಿದೆ. ದೋಷವಿರುವ ಸರಕನ್ನು ಮೊದಲೇ ಕೊಳ್ಳಬೇಡ, ತನಗಾಗಿ ಇಟ್ಟುಕೊಳ್ಳಲು ಒಪ್ಪುವಂತಹದ್ದನ್ನೇ ಕೊಳ್ಳು, ಅಲ್ಪ ಲಾಭದಲ್ಲಿ ತೃಪ್ತನಾಗು. ಅಡಗಿಸಿದ ದೋಷ ಯಾರ ಅನ್ನವನ್ನೂ ಹೆಚ್ಚಿಸುವುದಿಲ್ಲ, ಅದರಲ್ಲಿದ್ದ ಬರಕತ್ತನ್ನು ಒಯ್ಯುತ್ತದೆ.

ಇಮಾಮ್ ಅಬೂ ಹನೀಫ(ರ) ಕೂಫಾದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ದೋಷವಿದ್ದ ಒಂದು ಬಟ್ಟೆಯನ್ನು ತಮ್ಮ ಪಾಲುದಾರ ಹಫ್ಸ್‌ರಿಗೆ ತೋರಿಸಿ, ಮಾರುವಾಗ ತಿಳಿಸಬೇಕೆಂದಿದ್ದರು. ಹಫ್ಸ್ ಮರೆತು ಮಾರಿಬಿಟ್ಟರು. ಕೊಂಡವನು ಯಾರೆಂದೂ ಗೊತ್ತಾಗಲಿಲ್ಲ. ಇಮಾಮರು ಆ ವ್ಯಾಪಾರದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿ ಹೇಳಲಾಗಿದೆ. ಲೋಕ ಅವರ ಫತ್ವಾಗಳನ್ನು ಇಂದಿಗೂ ನಂಬುತ್ತದೆ. ತಮ್ಮ ಅಂಗಡಿಯಲ್ಲಿ ಹೇಳದೆ ಉಳಿದ ಒಂದು ಮಾತಿಗೂ ಅವರು ಬೆಲೆ ತೆತ್ತವರು.

ಮುಸ್ಲಿಂ ಸಮಾಜದ ಸಾರ್ವಜನಿಕ ನೈತಿಕತೆ ಇಂತಹ ಅಂಗಡಿಗಳಿಂದಲೇ ಆರಂಭವಾಗಬೇಕು. ಪರರ ಭಿತ್ತಿಚಿತ್ರವನ್ನು ಹರಿಯುವ ಕೈಗಿಂತ ತನ್ನ ಸರಕಿನ ದೋಷವನ್ನು ಎತ್ತಿ ತೋರಿಸುವ ಕೈ ಹೆಚ್ಚು ಜನರನ್ನು ದೀನಿನ ಕಡೆಗೆ ಕರೆಯುತ್ತದೆ. ಮನೆಯಲ್ಲಿ ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಜಾಹೀರಾತು ಬಂದಾಗ ತಾಯಂದಿರು ಮಕ್ಕಳಿಗೆ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಲಿ: ಇವರು ನಮಗೆ ಏನನ್ನು ತೋರಿಸುತ್ತಿಲ್ಲ? ಈ ಪ್ರಶ್ನೆ ಕೇಳಿ ಬೆಳೆದ ಮಗು ನಾಳೆ ಮೋಸ ಹೋಗುವುದು ಕಡಿಮೆ, ಮೋಸ ಮಾಡುವುದು ಇನ್ನೂ ಕಡಿಮೆ. ಸತ್ಯವಂತನೂ ವಿಶ್ವಾಸಾರ್ಹನೂ ಆದ ವ್ಯಾಪಾರಿ ಪರಲೋಕದಲ್ಲಿ ಪ್ರವಾದಿಗಳ ಮತ್ತು ಹುತಾತ್ಮರ ಸಂಗಡ ಇರುವನೆಂಬ ಶುಭವಾರ್ತೆ ತಿರ್ಮಿದಿಯ ಸಂಗ್ರಹದಲ್ಲಿದೆ. ಅಲ್ಲಾಹನು ನಮ್ಮ ವ್ಯಾಪಾರಿಗಳನ್ನೂ ನಮ್ಮ ಮಕ್ಕಳನ್ನೂ ಆ ಸಾಲಿಗೆ ಸೇರಿಸಲಿ.